ನನ್ನ ಕ್ಯಾಮೆರಾದ ಕಾಲ್ಗುಣ

ಏಳನೇ ಇಯತ್ತೆಗೆ ಸಾಲಿ ಬಿಟ್ಟು, ಊರೂರು ತಿರುಗಿ ನಿಸರ್ಗದ ಫೋಟೊ ತೆಗೆಯುವವನು ನಾನು. ಗುಡ್ಡ ನನಗಾಗಿ ಕಾಯುತ್ತದೆ, ಹೊಳೆಯೂ ಕಾಯುತ್ತದೆ. ಕಬ್ಬು ಮಾತ್ರ ನನ್ನನ್ನು ಕಂಡ ಕೂಡಲೇ ನೆಲಕ್ಕೆ ಮಲಗುತ್ತದೆ.

ಅಕ್ಕನ ಕಣ್ಣಿನ ಪೊರೆ ತೆಗೆಯಲು ನಾಲ್ಕೇ ದಿನ ಇತ್ತು. ಆಮೇಲೆ ಹೊಲದ ಧೂಳಿಗೆ ಹೋಗುವಂತಿಲ್ಲ. "ಎರಡ ವರ್ಷಾತು, ತುರಾ ನಂಗ ಬರೇ ಹೊಗಿ ಹಂಗ ಕಾಣತೈತೋ ತಮ್ಮಾ. ಪಟ್ಟಿ ಬಿಚ್ಚಿದ ಮ್ಯಾಲೆ ಮೊದ್ಲ ಅದನ್ನ ನೋಡಬೇಕು. ಫೋಟೋದಾಗರ ತೋರ್ಸು" ಎಂದಳು. ತುರಾ ಅಂದರೆ ಕಬ್ಬಿನ ನೆತ್ತಿಯ ಬಿಳಿ ಹೂ. ಸಾಲಿ ತಪ್ಪಿಸಿ ನಾನು ಕಬ್ಬಿನೊಳಗೆ ಅಡಗಿ ಕೂತಾಗ ಕದ್ದು ರೊಟ್ಟಿ ತಂದುಕೊಡುತ್ತಿದ್ದವಳು ಇವಳೇ. ಇಲ್ಲ ಎನ್ನಲಾದೀತೇ?

ದಿಗ್ಗೇವಾಡಿ

ಹೊಳೆಯ ಮಂಜಿನಲ್ಲಿ ತುರಾ ಇನ್ನೂ ಚಂದ ಎಂದು ಅಲ್ಲಿಗೆ ಹೋದೆ. ಸ್ಟ್ಯಾಂಡ್ ಊರಿ, ಸೂರ್ಯನಿಗಾಗಿ ಕಾಯುತ್ತಿರುವಾಗ ಕಬ್ಬು ಕಡಿಯುವ ಗ್ಯಾಂಗು ಬಂತು. ಮಂಜು ಸರಿಯುವುದರೊಳಗೆ ನನ್ನ ಫೋಟೊ ಅರ್ಧಕ್ಕರ್ಧ ಟ್ರಾಲಿ ಏರಿತ್ತು.

ಹೊಲದ ಯಜಮಾನ ನನ್ನ ಎರಡೂ ಕೈ ಹಿಡಿದ. "ಎಂಥಾ ಕಾಲ್ಗುಣರಿ ನಿಮ್ದು! ತುರಾ ಬಂದ್ರ ಕಬ್ಬಿನ ತೂಕ ಇಳೀತೈತಿ. ಇಪ್ಪತ್ತ ದಿನಾತು, ಗ್ಯಾಂಗಿನ ದಾರಿ ಕಾದು ಸಾಕಾಗಿತ್ತು. ನೀವು ಬಂದ್ರಿ, ಅದೂ ಬಂತು!"

ಅಷ್ಟಕ್ಕೇ ಬಿಡಲಿಲ್ಲ. ನನ್ನ ಫೋಟೊದಲ್ಲಿ ಬರಬೇಕಿದ್ದ ಕಬ್ಬನ್ನೇ ಒಂದು ಮುರಿದು ತಿನ್ನಲು ಕೊಟ್ಟ.

ಚಿಂಚಲಿ

ಸುದ್ದಿ ನನಗಿಂತ ಮುಂಚೆ ಚಿಂಚಲಿ ಮುಟ್ಟಿತ್ತು. ಮರುದಿನ ನಸುಕಿನಲ್ಲಿ ಚಹಾದಂಗಡಿಯಿಂದಲೇ ಒಬ್ಬ ರೈತ ಎಳೆದೊಯ್ದ. "ಫೋಟೋದ ಸಾಹೇಬ್ರ, ನಮ್ಮ ಹೊಲಕ್ಕೂ ಒಮ್ಮಿ ಪಾದಾ ಹಚ್ರಿ."

ಹೊಲದಲ್ಲಿ ಅವನ ಹೆಂಡತಿ ಆರತಿ ತಾಟು ಹಿಡಿದು ನಿಂತಿದ್ದಳು. ಆರತಿ ನನಗಲ್ಲ, ಕ್ಯಾಮೆರಾಕ್ಕೆ. ನಾನು ಬೇಡ ಅನ್ನುವುದರೊಳಗೆ ಹಣೆ ಅಂದುಕೊಂಡು ಲೆನ್ಸಿನ ಗಾಜಿಗೇ ದೇವರ ಅರಿಶಿನದ ಭಂಡಾರ ಬಳಿದಳು. ಒರೆಸಿದಷ್ಟೂ ಅರಿಶಿನ ಹರಡಿತು. ಹಾಗೇ ಕ್ಲಿಕ್ಕಿಸಿದೆ; ತುರಾ ಕಾಣದೆ ಬರೀ ಹಳದಿ ಬಂತು. ಆಕೆ ಇಣುಕಿ ನೋಡಿ, "ಯವ್ವಾ, ಎಂಥಾ ಬಂಗಾರದಂಥಾ ಬೆಳಕು! ಖರೇ ಕಸಬುದಾರ ಅದೀರಿ ಅಣ್ಣಾರ" ಎಂದಳು.

ಮಧ್ಯಾಹ್ನ ಅಲ್ಲಿಗೂ ಗ್ಯಾಂಗು ಬಂತಂತೆ.

ಅಕ್ಕನ ಹೊಲ

ಕೊನೆಯ ದಿನ ಮಂಗಸೂಳಿ ದಾರಿಯ ಅಕ್ಕನ ಹೊಲಕ್ಕೇ ಓಡಿದೆ. ಗ್ಯಾಂಗು ಆಗಲೇ ಇಳಿದಿತ್ತು. ಒಂದು ಮೂಲೆಯಷ್ಟೇ ಕಬ್ಬು ಉಳಿದಿತ್ತು. ಅಕ್ಕನ ಕಣ್ಣಿನ ಕಥೆ ಹೇಳಿದೆ. ಗ್ಯಾಂಗಿನ ಮುಖ್ಯಸ್ಥ, ಅಂದರೆ ಮುಕದ್ದಮ, ಕುಡುಗೋಲು ಹೆಗಲಿಗೇರಿಸಿ, "ಥಾಂಬಾ ರೇ, ನಿಲ್ರಿ! ಎಲ್ಲಾರೂ ಚಾ ಕುಡೀರಿ. ಅಕ್ಕನ ಹೂವಾ ಯಾರೂ ಮುಟ್ಟಬ್ಯಾಡ್ರಿ" ಎಂದು ಕೂಗಿದ. ಹೆಂಗಸರು, ಗಂಡಸರು ಎಲ್ಲ ಬದುವಿನ ಮೇಲೆ ಕೂತು ನನ್ನ ಜೊತೆ ಸೂರ್ಯನಿಗಾಗಿ ಕಾದರು.

"ಮಾವಾ, ನೀವಷ್ಟ ಮರೀಗಿ ಸರೀರಿ" ಎಂದೆ. ಕ್ಯಾಮೆರಾಕ್ಕೆ ಅಡ್ಡ ನಿಂತಿದ್ದ ಅಕ್ಕನ ಗಂಡ ಕಬ್ಬಿನ ಹಿಂದಿನ ದಿಬ್ಬ ಏರಿ ಮರೆಯಾದ. ಸೂರ್ಯ ಬಂದ. ತುರಾ ದೀಪ ಹಚ್ಚಿದ ಹಾಗೆ ಹೊಳೆಯಿತು. ಒಂದೇ ಫೋಟೊ; ಅಷ್ಟರಲ್ಲಿ ಟ್ರ್ಯಾಕ್ಟರು ಚಾಲೂ ಆಗಿ ಹೊಗೆ ಮುಚ್ಚಿತು.

ಪಟ್ಟಿ ಬಿಚ್ಚಿದ ದಿನ ಅಕ್ಕ ಫೋಟೊವನ್ನು ಬಹಳ ಹೊತ್ತು ನೋಡಿದಳು. ಒಂದೊಂದೇ ಹೂವಿನ ಮೇಲೆ ಬೆರಳಾಡಿಸುತ್ತ ಹೋಗಿ, ನಟ್ಟನಡುವೆ ನಿಲ್ಲಿಸಿದಳು.

"ಇದೊಂದ್ ತುರಾ ಯಾಕೋ ದಪ್ಪ ಐತಲ್ಲೋ?"

ಬಾಗಿಲಲ್ಲಿ ನಿಂತಿದ್ದ ಮಾವ ತಲೆ ಕೆರೆದುಕೊಂಡ. "ಅದು... ನನ್ನ ಬಿಳೀ ಟೊಪಿಗಿ."

"ಅಳಸಲೇನಕ್ಕಾ?" ಎಂದೆ.

"ಬ್ಯಾಡೋ. ಲಗ್ನದ ಮುಹೂರ್ತಕ್ಕೂ ತಡಾ ಮಾಡಿ ಬಂದಾವರು ನಿಮ್ಮ ಮಾವ. ಜಲಮದಾಗ ಒಮ್ಮಿ ವ್ಯಾಳ್ಯಾಕ ಸರಿಯಾಗಿ ಬಂದಾರ, ಇರ್ಲಿ ಬಿಡು."