ಕ್ಯಾಸೆಟ್ಟಿಗೂ ಪರೀಕ್ಷೆ, ಗಂಟಲಿಗೂ ಪರೀಕ್ಷೆ

ಪರೀಕ್ಷೆ ಮಾಡುವವನು ಶಿವನೊಬ್ಬನೇ ಎಂದು ನಂಬಿ ಬದುಕಿದವನು ನಾನು. ಹೊಸಪೇಟೆಯ ನನ್ನ ಕ್ಯಾಸೆಟ್ ಅಂಗಡಿಗೆ, ಟೇಪನ್ನು ತಾನೇ ಪರೀಕ್ಷೆ ಮಾಡುವ ರೆಕಾರ್ಡಿಂಗ್ ಡೆಕ್ಕು ಬಂದ ಮೇಲೆ ಒಂದಲ್ಲ ಒಂದು ಪ್ರಸಂಗ ನಡೆಯುತ್ತಲೇ ಇತ್ತು. ಕಾಲುವೆ ನೀರಿನ ಪುಣ್ಯದಿಂದ ಹಳ್ಳಿ ಮನೆಗಳಿಗೂ ಟೇಪ್ ರೆಕಾರ್ಡರ್ ಬಂದಿದ್ದ ಕಾಲ. ಅವುಗಳಲ್ಲಿ ಒಬ್ಬ ಗಿರಾಕಿಯ ಪ್ರಸಂಗಗಳನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಕೆಂಪು ದೀಪ

ಬುಕ್ಕಸಾಗರದ ಭಜನೆ ಮೇಳದ ಹಿರಿಯರು, ಭತ್ತದ ಗದ್ದೆ ಮಾಡುವವರು, ಹೆಂಡತಿಯ ಜೊತೆ ಬಂದರು. ಗಂಟಲಲ್ಲಿ ಕೆಟ್ಟ ಹುಣ್ಣು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬರುವ ಸೋಮವಾರ ಆಪರೇಶನ್ ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಎರಡು ಭಜನೆ ಪದ ಹಾಡಿ ಟೇಪಿನಲ್ಲಿ ಇಟ್ಟುಬಿಡಬೇಕು ಎಂಬುದೊಂದೇ ಅವರ ಆಸೆ.

ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಖಾಲಿ ಕ್ಯಾಸೆಟ್ ಕೊಟ್ಟರು. ಡೆಕ್ಕಿಗೆ ಹಾಕಿ ಗುಂಡಿ ಒತ್ತಿದೆ. ಈ ಡೆಕ್ಕು ಟೇಪಿನ ಮೇಲೆ ತಾನೇ ಒಂದಿಷ್ಟು ಸದ್ದು ತುಂಬಿ, ಹಿಂದಕ್ಕೆ ಸುತ್ತಿ, ಕೇಳಿ ನೋಡಿ, ಆ ಟೇಪಿಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಹೊಂದದಿದ್ದರೆ ಕೆಂಪು ದೀಪ. ಕೆಂಪು ದೀಪವೇ ಬಂತು.

"ಒಲ್ಲೆ ಅಂತೈತ್ರಿ, ಹಿರ್ಯಾರ," ಎಂದೆ.

"ಡಾಕ್ಟ್ರೂ ಬಾಯಾಗ ದೀಪ ಹಿಡದು ನೋಡಿ ಹಿಂಗ ತಲಿ ಅಲ್ಲಾಡ್ಸಿದ್ರು. ಇಬ್ರೂ ಒಂದ ಸಾಲ್ಯಾಗ ಕಲ್ತಾರೇನ್ರಿ, ಸ್ವಾಮ್ಯಾರ?"

ವಿಭೂತಿ

ಅಂಗಡಿಯಲ್ಲಿದ್ದ ಒಳ್ಳೆಯ ಕ್ಯಾಸೆಟ್ ಹಾಕಿದೆ. ಅದಕ್ಕೂ ಕೆಂಪು ದೀಪ. ಇನ್ನೊಂದಕ್ಕೂ ಅದೇ. ಶಿವನೇ ಬೇಡವೆನ್ನುತ್ತಿದ್ದಾನೆಯೇ ಎಂದು ಗೋಡೆಯ ಮೇಲಿನ ಅವನ ಪಟದ ಕಡೆ ತಿರುಗಿದೆ. ಅವರ ಹೆಂಡತಿ ಬಗ್ಗಿ ಡೆಕ್ಕಿನ ಬಾಗಿಲು ನೋಡಿದರು.

"ಇದಕ್ಕ ವಿಭೂತಿ ಯಾರು ಹಚ್ಯಾರ್ರಿ?"

ನಾನೇ. ದಿನಾ ಪೂಜೆಯಾದ ಮೇಲೆ ಮೂರು ಬೆರಳಿನಿಂದ ಎಳೆಯುತ್ತಿದ್ದೆ. ಉದುರಿದ ಪುಡಿ ಒಳಗಿಳಿದು, ಟೇಪು ತಾಗುವ ಹೆಡ್ಡಿನ ಮೇಲೆ ಕೂತಿತ್ತು. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದೆ. ಹಸಿರು ದೀಪ ಹತ್ತಿತು.

"ನನ್ನ ಗಂಟ್ಲಾಗ ಹುಣ್ಣು," ಎಂದರು ಹಿರಿಯರು, "ಇದರ ಗಂಟ್ಲಾಗ ನಿಮ್ಮ ಭಕ್ತಿ."

ಶ್ರುತಿ

ಮರುದಿನ ಮೇಳದ ತಬಲಾದವನನ್ನೂ ಕರೆತಂದರು. ಹೊಸ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದೆ. ಡೆಕ್ಕು ತನ್ನ ಪರೀಕ್ಷೆಗೆ "ಕುಂಯ್" ಎಂದು ಒಂದು ಸ್ವರ ಹಿಡಿಯಿತು. ಹಿರಿಯರು ಕಣ್ಣು ಮುಚ್ಚಿ ಅದೇ ಸ್ವರಕ್ಕೆ ಹಾಡಲು ಶುರು ಮಾಡಿಬಿಟ್ಟರು. ಮೈಕು ಇನ್ನೂ ಹಾಕಿರಲಿಲ್ಲ. ಡೆಕ್ಕು ಅದಕ್ಕಿಂತ ಚೂಪಾದ ಇನ್ನೊಂದು ಸದ್ದು ತೆಗೆಯಿತು. ಇವರೂ ಏರಿದರು. ಕೆಮ್ಮು ಬಂತು. ಬಾಯಿಗೊತ್ತಿದ ಟವೆಲ್ಲು ಕೆಂಪಾಯಿತು.

"ಅದು ಟೇಪ್ ನೋಡಾಕತ್ತೈತ್ರಿ, ನಿಮ್ಮನ್ನಲ್ಲ," ಎಂದರು ಹೆಂಡತಿ, ನೀರು ಕುಡಿಸುತ್ತಾ.

"ಶ್ರುತಿ ಕೊಟ್ಟ ಮ್ಯಾಲ ಸುಮ್ಕ ಕುಂದ್ರಾಕ ನಾನೇನು ಊಟಕ್ಕ ಬಂದೀನೇನು?"

ಪಾಟಿ

ಆಮೇಲೆ ಎರಡೂ ಪದ ಹಾಡಿದರು. ಮುಗಿಯುವವರೆಗೂ ನಾನು ಕೈ ಮುಗಿದೇ ಕೂತಿದ್ದೆ. ಸೋಮವಾರ ಆಪರೇಶನ್ ಆಯಿತು. ಜೀವ ಉಳಿಯಿತು, ಅದು ಶಿವನ ದಯೆ. ಧ್ವನಿ ಹೋಯಿತು, ಅದೂ ಅವನದೇ ಎಂದು ನನಗೆ ನಾನೇ ಹೇಳಿಕೊಂಡೆ.

ಎರಡು ತಿಂಗಳ ಮೇಲೆ ಗಂಡ ಹೆಂಡತಿ ಬಂದರು. ಹಿರಿಯರ ಕೊರಳಿಗೆ ಬಿಳಿ ಬಟ್ಟೆ, ಬಗಲಲ್ಲಿ ಶಾಲೆ ಮಕ್ಕಳ ಪಾಟಿ, ಜೇಬಿನಲ್ಲಿ ಬಳಪ. ಮಾತೆಲ್ಲ ಈಗ ಅದರ ಮೇಲೆಯೇ. ಕ್ಯಾಸೆಟ್ ಹಾಕಿದೆ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಹಿರಿಯರು ಮಾತ್ರ ತೊಡೆಯ ಮೇಲೆ ಬೆರಳಾಡಿಸುತ್ತಾ, ಹುಬ್ಬು ಗಂಟು ಹಾಕಿ, ಕೊನೆಯವರೆಗೂ ಕೇಳಿದರು. ಮುಗಿದ ಕೂಡಲೇ ಪಾಟಿ ಎಳೆದುಕೊಂಡು ಬರೆದರು:

"ಎರಡನೇ ಪದಕ್ಕ ತಾಳ ಓಡೇತಿ. ಅಳಸ್ರಿ. ಇನ್ನೊಮ್ಮೆ ಹಾಡತೀನಿ."

ಬರೆದದ್ದನ್ನು ಅವರೇ ಒಮ್ಮೆ ಓದಿಕೊಂಡರು. ಕೈ ಮೆಲ್ಲಗೆ ಕೊರಳಿಗೆ ಹೋಯಿತು. ತಲೆ ತಗ್ಗಿತು, ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಹೆಂಡತಿ ಗದ್ದ ಹಿಡಿದು ಎತ್ತಿದರೆ, ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ಹಾಗೆ, ಒಂದಿಷ್ಟೂ ಸದ್ದಿಲ್ಲದೆ.

ಆ ತಾಯಿ ಸೆರಗಿನಿಂದ ಪಾಟಿ ಒರೆಸಿ, ಗಂಡನ ತೊಡೆಯ ಮೇಲೆ ಇಟ್ಟರು.

"ಹಾಡ್ರಿ ಮತ್ತ. ಈ ಸಲ ತಾಳ ನಾ ಹಾಕತೀನಿ."