ಸ್ಲೋ ಸೈಕಲ್ ವೀರನ ವಿದೇಶ ಯಾತ್ರೆ

ಕೆಲವರಿಗೆ ವೇಗ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದದ್ದು ನಿಧಾನ. ಊಟ ನಿಧಾನ, ನಡಿಗೆ ನಿಧಾನ, ಮದುವೆಗೆ ಒಪ್ಪಿಕೊಂಡದ್ದೂ ನಿಧಾನವೇ. ಹೆಂಡತಿ ಈಗಲೂ ಅದನ್ನು ಎತ್ತಿ ಆಡುತ್ತಾಳೆ. ಇಂಥವನು ಒಂದು ಕಾಲದಲ್ಲಿ ವಿದೇಶಕ್ಕೆ ಹೋಗಿ, ಗುಡ್ಡ ಹತ್ತಿ ಇಳಿಯುವ ಸೈಕಲ್ ಪಂದ್ಯದಲ್ಲಿ ಸ್ಪರ್ಧಿಸಿದ್ದೆ ಎಂದರೆ ಮೊಮ್ಮಕ್ಕಳು ನನ್ನ ಹೊಟ್ಟೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಟಿವಿಯ ಕಡೆ ತಿರುಗಿಕೊಳ್ಳುತ್ತಾರೆ. ಅದಕ್ಕೇ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಎಪ್ಪತ್ತರ ದಶಕದಲ್ಲಿ ನಾನು ಬಿಳಿಚೋಡಿನಲ್ಲಿ ಮೇಷ್ಟ್ರಾಗಿದ್ದೆ. ಜಗಳೂರಿನ ಮನೆಯಿಂದ ದಿನವೂ ಸೈಕಲ್ಲಿನಲ್ಲೇ ಓಡಾಟ. ಆಗ ಸೈಕಲ್ ಎಂದರೆ ಮನೆಯ ಒಬ್ಬ ಸದಸ್ಯನಿದ್ದ ಹಾಗೆ. ಸೀಟಿಗೆ ಹೆಂಡತಿ ಹೊಲಿದ ಕುಚ್ಚಿನ ಗೌಸು, ಹ್ಯಾಂಡಲ್ಲಿಗೆ ಪ್ಲಾಸ್ಟಿಕ್ ಹೂವು, ಆಯುಧಪೂಜೆಗೆ ಎಲ್ಲರಿಗಿಂತ ಮೊದಲು ಅದಕ್ಕೇ ಕುಂಕುಮ. ಹತ್ತುವುದಕ್ಕೆ ಯಾವ ಶಾಸ್ತ್ರವೂ ಇರಲಿಲ್ಲ, ಇಳಿಯುವುದಕ್ಕಿತ್ತು. ಹಿರಿಯರು ಎದುರಾದರೆ ಇಳಿಯಬೇಕು, ಆರೋಗ್ಯ ವಿಚಾರಿಸಬೇಕು, ಅವರನ್ನು ದಾಟಿದ ಮೇಲೇ ಹತ್ತಬೇಕು. ನಮ್ಮಪ್ಪ ಕುರಿ ವ್ಯಾಪಾರಿ, ಮಾತು ಕಡಿಮೆ, ಕಿವಿ ಹಿಂಡುವುದು ಜಾಸ್ತಿ. ಅವರು ನನಗೆ ಬ್ಯಾಲೆನ್ಸಿಗಿಂತ ಮೊದಲು ಕಲಿಸಿದ್ದು ಇದನ್ನು. ದಾರಿಯುದ್ದಕ್ಕೂ ಕಟ್ಟೆಗೊಬ್ಬರಂತೆ ಹಿರಿಯರು ಕೂತಿರುತ್ತಿದ್ದುದರಿಂದ ನಾನು ಸೈಕಲ್ ಹೊಡೆದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಸೈಕಲ್ಲಿದ್ದೂ ಯಾಕೆ ತಡ ಎಂದು ಹೆಡ್ಮಾಸ್ಟರು ಕೇಳಿದರೆ, ಊರಿನಲ್ಲಿ ಹಿರಿಯರು ಜಾಸ್ತಿಯಾಗಿದ್ದಾರೆ ಸಾರ್ ಎನ್ನುತ್ತಿದ್ದೆ.

ನನ್ನ ನಿಧಾನಕ್ಕೂ ಒಂದು ಬೆಲೆಯಿತ್ತು. ರಾಷ್ಟ್ರೀಯ ಹಬ್ಬಗಳಲ್ಲಿ ಸ್ಲೋ ಸೈಕಲ್ ರೇಸ್ ಇಡುತ್ತಿದ್ದರು. ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಕೊನೆಗೆ ಮುಟ್ಟಿದವನೇ ಗೆದ್ದವನು. ಹೊನ್ನಾಳಿಯಲ್ಲಿ ಗೆದ್ದೆ, ಚನ್ನಗಿರಿಯಲ್ಲಿ ಗೆದ್ದೆ. ಎಂಬತ್ತರ ದಶಕದಲ್ಲಿ ನ್ಯಾಮತಿಯಲ್ಲಿ ಗೆದ್ದಾಗ, ಸೈಕಲ್ಲಿನಲ್ಲೇ ದೇಶ ಸುತ್ತುತ್ತಿದ್ದ ಪೀಟರ್ ಎಂಬ ಸ್ವಿಸ್ ಮನುಷ್ಯ ಗುಂಪಿನಲ್ಲಿ ನಿಂತು ನೋಡಿದ. ಕದಲದೆ ಸೈಕಲ್ಲಿನ ಮೇಲೆ ನಿಲ್ಲಬಲ್ಲ ನನ್ನನ್ನು ಕಂಡು ಅವನಿಗೆ ಏನನ್ನಿಸಿತೋ, ತಮ್ಮೂರಿನ ಗುಡ್ಡದ ಪಂದ್ಯಕ್ಕೆ ಬಾ ಎಂದ. ಹೂಂ ಎಂದೆ. ಇಂಥವಕ್ಕೆಲ್ಲ ಹೂಂ ಎನ್ನುವುದು ನಮ್ಮಲ್ಲಿ ಮರ್ಯಾದೆ. ಆ ಪುಣ್ಯಾತ್ಮ ಮರುವರ್ಷ ಅಲ್ಲಿಯ ಕ್ಲಬ್ಬಿನಿಂದ ಟಿಕೆಟ್ಟನ್ನೇ ಕಳಿಸಿಬಿಟ್ಟ.

ಊರಿಗೆ ಊರೇ ಎದ್ದು ಕೂತಿತು. ಚನ್ನಗಿರಿಯ ಅಕ್ಕ ನನ್ನನ್ನು ಕರೆಸಿಕೊಂಡು ಸೂಳೆಕೆರೆ ಪಕ್ಕದ ಗುಡ್ಡದಲ್ಲಿ ಅಭ್ಯಾಸ ಮಾಡಿಸಿದಳು. ನಾನು ಮೇಲೆ ಏದುಸಿರು ಬಿಡುತ್ತಿದ್ದರೆ ಅವಳು ಕೆಳಗೆ ಕೂತು ಹುರಿದ ಶೇಂಗಾ ತಿನ್ನುತ್ತಿದ್ದಳು. ಪಂದ್ಯದಲ್ಲಿ ಮೂರನೆಯ ಸ್ಥಾನಕ್ಕೂ ಕಪ್ಪು ಕೊಡುತ್ತಾರೆಂದು ಕೇಳಿ ಅಪ್ಪ ಪಡಸಾಲೆಯ ಗೂಡಿನಲ್ಲಿದ್ದ ರೇಡಿಯೋ ತೆಗೆದು ಕೆಳಗಿಟ್ಟರು. ಆ ರೇಡಿಯೋ ಮುಟ್ಟಿದರೆ ನಮ್ಮ ಕೈ ಮುರಿಯುತ್ತಿದ್ದ ಮನುಷ್ಯ. ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದು ಒಂದೇ ಮಾತು: "ಗೂಡು ಖಾಲಿ ಮಾಡೀನಿ. ಕಪ್ಪು ಇಡಾಕೆ ಜಾಗ ಐತೆ."

ಪೀಟರನ ಊರಿನಲ್ಲಿ ಕೊಟ್ಟ ಸೈಕಲ್ಲಿಗೆ ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಗೇರುಗಳಿದ್ದವು, ನಾನು ಒಂದನ್ನೇ ನಂಬಿಕೊಂಡೆ. ನನ್ನ ಹಳೆಯ ಸೈಕಲ್ಲಿನ ಬೆಲ್ಲನ್ನು ಬಿಚ್ಚಿ ತಂದಿದ್ದೆ, ಅದನ್ನು ಹ್ಯಾಂಡಲ್ಲಿಗೆ ಕೂರಿಸಿದೆ. ಅಕ್ಕ ಕೊಟ್ಟಿದ್ದ ನಿಂಬೆಹಣ್ಣು ವಿಮಾನದಲ್ಲಿ ಬಾಡಿ ಹೋಗಿತ್ತು, ಆದರೂ ಕಟ್ಟಿದೆ. ಪಂದ್ಯದಲ್ಲಿ ಗುಡ್ಡ ಹತ್ತುವಾಗ ಎಲ್ಲರಿಗಿಂತ ಹಿಂದೆ ಬಿದ್ದೆ. ಇಳಿಜಾರಿನಲ್ಲಿ ಕಥೆ ಬದಲಾಯಿತು. ಕಲ್ಲು, ಬೇರು, ಕೆಸರು. ವೇಗವಾಗಿ ಹೋದವರೆಲ್ಲ ಜಾರಿ ಜಾರಿ ಬಿದ್ದರು. ನಾನು ನ್ಯಾಮತಿಯಲ್ಲಿದ್ದ ಹಾಗೆ ನಿಂತು, ತೂಗಿ, ಬೆಲ್ ಹೊಡೆಯುತ್ತ ಒಬ್ಬೊಬ್ಬರನ್ನೇ ದಾಟಿದೆ. ಕೊನೆಯ ತಿರುವಿನಲ್ಲಿ ಪೀಟರ್ ಮೂರು ಬೆರಳೆತ್ತಿ ಕುಣಿಯುತ್ತಿದ್ದ. ನಾನು ಮೂರನೆಯವನು! ಮುಂದೆ ಒಂದು ಪುಟ್ಟ ಹುಲ್ಲುಗಾವಲು, ಅದರಾಚೆ ಗೆರೆ. ಕಣ್ಣ ಮುಂದೆ ಗೂಡು ಬಂತು, ಗೂಡಿನಲ್ಲಿ ಕಪ್ಪು ಬಂತು.

ಹುಲ್ಲುಗಾವಲಿನ ಬೇಲಿಯ ಪಕ್ಕದಲ್ಲಿ ಅಪ್ಪನ ವಯಸ್ಸಿನ ಒಬ್ಬರು ಕೋಲೂರಿಕೊಂಡು ನಿಂತಿದ್ದರು. ಅವರ ಹಿಂದೆ ಕುರಿಗಳಿದ್ದವು. ನನ್ನ ಕಾಲು ನನ್ನನ್ನು ಕೇಳಲಿಲ್ಲ. ಇಳಿದೆ. ಇಳಿದು, "ಚೆನ್ನಾಗಿದೀರೇನ್ರಿ?" ಎಂದು ಕೇಳಿಯೂ ಬಿಟ್ಟೆ. ಪಾಪ, ಅವರು ಸೈಕಲ್ ಕೆಟ್ಟಿದೆ ಎಂದುಕೊಂಡರು. ಬಗ್ಗಿ ಚಕ್ರ ತಿರುಗಿಸಿದರು, ಟೈರು ಹಿಚುಕಿದರು, ಏನೂ ಗೊತ್ತಾಗದೆ ನನ್ನ ಜೊತೆಗೇ ಹೆಜ್ಜೆ ಹಾಕಿದರು. ಹಿರಿಯರು ಪಕ್ಕದಲ್ಲಿ ನಡೆಯುತ್ತಿರುವಾಗ ಹತ್ತುವುದು ಹೇಗೆ? ಪೀಟರ್ ಗಂಟಲು ಹರಿಯುವಂತೆ ಕೂಗುತ್ತಿದ್ದ. ಬಿದ್ದಿದ್ದವರೆಲ್ಲ ಎದ್ದು ಕೆಸರು ಹಾರಿಸುತ್ತ ನಮ್ಮನ್ನು ದಾಟಿ ಹೋದರು. ನಾವಿಬ್ಬರೂ ಮಾತಾಡಿಕೊಂಡು, ಅವರು ಅವರ ಭಾಷೆಯಲ್ಲಿ, ನಾನು ಕನ್ನಡದಲ್ಲಿ, ಗೆರೆ ದಾಟಿದೆವು. ಆ ರಾತ್ರಿ ನನಗೆ ಅಳು ಬಂತೆಂದು ಹೇಳಲು ಈಗ ನಾಚಿಕೆಯಿಲ್ಲ.

ಜಗಳೂರಿನಲ್ಲಿ ಬಸ್ಸಿಳಿದಾಗ ಹಾರ ಹಿಡಿದು ನಿಂತಿದ್ದವರಿಗೆ ಮುಖ ತೋರಿಸಲಾಗಲಿಲ್ಲ. ಮನೆಗೆ ಬಂದು ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. ಹಿರಿಯರಿಗೆ ಮರ್ಯಾದೆ ಕೊಟ್ಟೆಯಲ್ಲ ಎಂದು ಬೆನ್ನು ತಟ್ಟುತ್ತಾರೆ ಎಂಬ ಆಸೆ. ಅಪ್ಪ, "ಅಲ್ಲೋ, ಕಪ್ಪು ಇಸ್ಕಂಡು ವಾಪಸ್ ಬಂದು ಇಳಿಯಾಕೆ ಆಗ್ತಿರಲಿಲ್ಲೇನು?" ಎಂದರು. ಕಿವಿ ಹಿಂಡಿ ಕಲಿಸಿದವರೇ ಹೀಗೆ ಅಂದರೆ ಯಾರಿಗೆ ಹೇಳಿಕೊಳ್ಳುವುದು? ಬೆಳಗ್ಗೆ ಎದ್ದು ನೋಡಿದರೆ ರೇಡಿಯೋ ಇನ್ನೂ ಕೆಳಗೇ ಇತ್ತು. ಗೂಡಿನಲ್ಲಿ ನನ್ನ ಬೆಲ್ ಇತ್ತು, ಅದಕ್ಕೆ ಕುಂಕುಮ ಹಚ್ಚಿತ್ತು. ಅಪ್ಪ ಹೊರಗೆ ಕಟ್ಟೆಯ ಮೇಲೆ ಯಾರಿಗೋ, "ಆ ದೇಶದಾಗೂ ಕುರಿ ಕಾಯೋರ ಮುಂದೆ ನನ್ನ ಮಗ ಇಳಿದು ಬಂದಾನೆ" ಎನ್ನುತ್ತಿದ್ದರು. ನನ್ನನ್ನು ಕಂಡ ಕೂಡಲೇ ಕೆಮ್ಮಿ ಮಳೆಯ ಸುದ್ದಿ ತೆಗೆದರು.

ಈಗ ಅಪ್ಪನಿಲ್ಲ. ಅದೇ ಕಟ್ಟೆಯ ಮೇಲೆ ನಾನು ಕೂರುತ್ತೇನೆ. ಹಿರಿಯನಾಗುವುದಕ್ಕೆ ಇಷ್ಟು ಕಷ್ಟಪಟ್ಟಿದ್ದೇನೆ, ಯಾರಾದರೂ ಇಳಿದಾರೇನೋ ಎಂದು ರಸ್ತೆ ನೋಡುತ್ತೇನೆ. ಎಲ್ಲರೂ ಸುಯ್ಯೆಂದು ಹೋಗುತ್ತಾರೆ. ಮೊನ್ನೆ ಗೇರಿನ ಸೈಕಲ್ಲಿನಲ್ಲಿ ಬಂದ ಕಾಲೇಜು ಹುಡುಗಿಯೊಬ್ಬಳು ನನ್ನೆದುರಿಗೇ ಗಕ್ಕನೆ ಇಳಿದಳು. ನನ್ನ ಎದೆ ತುಂಬಿ ಬಂತು. ಆಶೀರ್ವಾದಕ್ಕೆಂದು ಕೈಯೆತ್ತಿದೆ. ಅವಳು, "ತಾತ, ಚೈನ್ ಕಳಚೇತಿ, ಸ್ವಲ್ಪ ಹಿಡ್ಕೊಳ್ರಿ" ಎಂದು ಎತ್ತಿದ ಕೈಗೆ ಹ್ಯಾಂಡಲ್ ಕೊಟ್ಟಳು. ಗಟ್ಟಿಯಾಗಿ ಹಿಡಿದುಕೊಂಡೆ. ಚೈನ್ ಬೇಗ ಕೂರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಕಾರಣ ಏನಾದರೂ ಇರಲಿ, ಇಳಿದಳಲ್ಲ.