ಅತ್ತೆಯ ಬಿಸಿನೀರಿನ ಬ್ಯಾಗು

"ಕಾರು ಓಡಿಸೋದು ಏನು ಮಹಾ? ಎಕ್ಸಲರೇಟರ್ ತುಳಿಯೋಕೆ ಒಂದು ಕಾಲಿದ್ರೆ ಸಾಕು. ಒಂದು ಓಟಕ್ಕೂ ಇನ್ನೊಂದು ಓಟಕ್ಕೂ ನಡುವೆ ಇಂಜಿನ್ ತಣ್ಣಗಿಡೋದು ಇದೆಯಲ್ಲ, ಅದು ವಿದ್ಯೆ. ಈ ಭಾನುವಾರ ತೋರಿಸ್ತೀನಿ ನೋಡು."

ಕನ್ನಡಕದಂಗಡಿಯ ಯಜಮಾನರು ಊಟದ ಮೇಜಿನ ಮುಂದೆ ಹೀಗೆಂದು ಘೋಷಿಸಿದಾಗ ಹೆಂಡತಿ ತಟ್ಟೆಗಳನ್ನು ಎತ್ತುತ್ತಿದ್ದಳು.

"ತೋರಿಸಿ. ಮನೆ ಸಾಮಾನು ಮಾತ್ರ ಮುಟ್ಟಬೇಡಿ," ಎಂದಳು.

ಈ ಮಾತಿಗೆ ಹಿನ್ನೆಲೆಯಿದೆ. ಊರಾಚೆಯ ದೊಡ್ಡ ಡಾಂಬರು ಮೈದಾನದಲ್ಲಿ ತಿಂಗಳಿಗೊಮ್ಮೆ ಹವ್ಯಾಸಿಗಳ ಕಾರು ಓಟ ನಡೆಯುತ್ತದೆ. ನೆಲದ ಮೇಲೆ ಕಿತ್ತಳೆ ಬಣ್ಣದ ರಬ್ಬರ್ ಗೂಟಗಳನ್ನು ನಿಲ್ಲಿಸಿ ಅಂಕುಡೊಂಕು ದಾರಿ ಮಾಡಿರುತ್ತಾರೆ. ಒಬ್ಬೊಬ್ಬರಾಗಿ ಓಡಿಸಬೇಕು, ಗಡಿಯಾರ ಯಾರಿಗೆ ಕಡಿಮೆ ತೋರಿಸುತ್ತದೋ ಅವರು ಗೆದ್ದಂತೆ. ನಮ್ಮ ದಂಪತಿಗಳಿಗೆ ಇರುವುದು ಒಂದೇ ಕಾರು, ವಾರವಿಡೀ ತರಕಾರಿ ಹೊರುವ ಕಾರು. ಗಂಡ ಓಡಿಸಿ ಇಳಿದ ಮೇಲೆ ಅದನ್ನೇ ಹೆಂಡತಿ ಹತ್ತಬೇಕು. ನಡುವೆ ನಿಂತಾಗ ಬಾನೆಟ್ಟಿನೊಳಗೆ ಕಾವು ಸೇರಿಕೊಳ್ಳುತ್ತದೆ. ಬಿಸಿ ಗಾಳಿ ಕುಡಿದ ಇಂಜಿನ್ನಿಗೆ ಮುಂದಿನ ಓಟದಲ್ಲಿ ಕಸುವು ಸಾಲದು. ಇಷ್ಟು ನಿಜ. ಮಿಕ್ಕಿದ್ದೆಲ್ಲ ಯಜಮಾನರ ಸ್ವಂತ ಸಂಶೋಧನೆ.

ಮೊದಲ ಸಲ ಹೊಸ ಸ್ನಾನದ ಟವೆಲ್ಲನ್ನು ಒದ್ದೆ ಮಾಡಿ ರೇಡಿಯೇಟರಿಗೆ ಹೊದಿಸಿದರು. ಟವೆಲ್ಲು ಮೈತುಂಬ ಜಾಲರಿಯ ಗುರುತು ಹೊತ್ತು, ಕಪ್ಪಾಗಿ ಮನೆಗೆ ಮರಳಿತು. ಎರಡನೆಯ ಸಲ ಮೇಜಿನ ಫ್ಯಾನು ಹೋಯಿತು. ಕಾರಿನ ಬ್ಯಾಟರಿಗೇ ಎಂಥದೋ ಪೆಟ್ಟಿಗೆ ಕಟ್ಟಿ ಅದನ್ನು ತಿರುಗಿಸಿದರು. ಫ್ಯಾನು ಚೆನ್ನಾಗಿಯೇ ತಿರುಗಿತು. ಸಂಜೆ ಹೊರಡುವಾಗ ಬ್ಯಾಟರಿ ಮಲಗಿತ್ತು. ಯಜಮಾನರು ಸ್ಟಿಯರಿಂಗ್ ಹಿಡಿದು ಕೂತರು, ಹಿಂದಿನಿಂದ ತಳ್ಳಿದ್ದು ಹೆಂಡತಿ.

ಅವತ್ತೇ ಆಕೆ ತೀರ್ಪು ಕೊಟ್ಟಿದ್ದಳು. "ಇನ್ನೊಂದು ಸಲ ಮನೆ ಸಾಮಾನು ಆ ಬಾನೆಟ್ಟಿನೊಳಗೆ ಕಂಡ್ರೆ ಈ ಆಟ ಮುಗೀತು. ಆಮೇಲೆ ಕಾರು ತರಕಾರಿಗೆ ಮಾತ್ರ."

ತಿಂಗಳಿಗೊಂದು ಭಾನುವಾರದ ಆಸೆಯಲ್ಲೇ ಮಿಕ್ಕ ದಿನಗಳನ್ನು ತಳ್ಳುತ್ತಿದ್ದ ಯಜಮಾನರು ಹೆದರಿ ಮಾತು ಕೊಟ್ಟರು. ಕೊಟ್ಟ ಮೇಲೆ ಅದರಲ್ಲಿ ಸಂದು ಹುಡುಕಿದರು. ಮನೆ ಸಾಮಾನು ಎಂದರೆ ಏನು? ಗಂಡ ಹೆಂಡತಿಯ ಸಾಮಾನು. ಅತ್ತೆಯದು ಅತ್ತೆಯದೇ.

ಅತ್ತೆ, ಅಂದರೆ ಹೆಂಡತಿಯ ತಾಯಿ, ಅವರ ಜೊತೆಯಲ್ಲೇ ಇದ್ದರು. ಅವರಿಗೆ ಮಂಡಿನೋವು. ಮಂಡಿಗೆ ಶಾಖ ಕೊಡಲು ಒಂದು ಕೆಂಪು ರಬ್ಬರಿನ ಬಿಸಿನೀರಿನ ಬ್ಯಾಗು. ಅದನ್ನು ಕಂಡಾಗಲೆಲ್ಲ ಯಜಮಾನರ ಕಣ್ಣು ಹೊಳೆಯುತ್ತಿತ್ತು. ಬಿಸಿನೀರು ಹಿಡಿಯುವ ಬ್ಯಾಗಿನಲ್ಲಿ ಐಸು ಕೂರುವುದಿಲ್ಲವೇ? ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಗಳ ಮೇಲೆ ಅದನ್ನು ಮಲಗಿಸಿದರೆ ಒಳಗೆ ಹೋಗುವುದು ಹಿಮಗಾಳಿಯೇ. ಭಾನುವಾರ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ ಬ್ಯಾಗನ್ನು ಎತ್ತಿದರು. ಐಸು ಕುಟ್ಟಿ ತುಂಬಿದರು. ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕ, ಥರ್ಮಾಕೋಲಿನ ಡಬ್ಬದಲ್ಲಿ ಬಚ್ಚಿಟ್ಟರು.

ಕಾರು ಹೊರಡುವಾಗ ಅತ್ತೆ ಕೈಯಲ್ಲೊಂದು ಫ್ಲಾಸ್ಕು ಹಿಡಿದು ಹಿಂದಿನ ಸೀಟಿಗೆ ಹತ್ತಿದರು. "ಮಗಳು ಓಡಿಸೋದನ್ನ ನಾನೂ ನೋಡ್ತೀನಿ," ಎಂದರು. ಯಜಮಾನರು ಇಳಿದು ಡಿಕ್ಕಿಯನ್ನು ಇನ್ನೊಮ್ಮೆ ಒತ್ತಿ ಮುಚ್ಚಿದರು.

ಮೈದಾನದಲ್ಲಿ ಮೊದಲು ಯಜಮಾನರ ಸರದಿ. ಅವರು ಓಡಿಸಿದ ಗಾಂಭೀರ್ಯ ನೋಡಬೇಕಿತ್ತು. ಇಂಜಿನ್ ಕಾವೇರಬಾರದೆಂದು ಪ್ರತಿ ಗೂಟದ ಬಳಿಯೂ ನಿಧಾನಿಸಿದರು, ತಿರುವುಗಳಲ್ಲಿ ಗೂಟಗಳಿಗೆ ದಾರಿ ಬಿಟ್ಟುಕೊಟ್ಟರು. ಗಡಿಯಾರ ತೋರಿಸಿದ್ದನ್ನು ಇಲ್ಲಿ ಹೇಳುವುದು ಬೇಡ. "ಇದು ಬರೀ ಪೀಠಿಕೆ. ತಂತ್ರ ಇರೋದು ಈಗ," ಎಂದು ತಮಗೆ ತಾವೇ ಹೇಳಿಕೊಂಡು ಕಾರನ್ನು ಮೂಲೆಗೆ ತಂದರು. ಇಂಜಿನ್ನನ್ನು ಸ್ವಲ್ಪ ಹೊತ್ತು ಹಾಗೇ ಓಡಗೊಟ್ಟು, ಶಾಸ್ತ್ರೋಕ್ತವಾಗಿ ಆರಿಸಿ, ಬಾನೆಟ್ ಎತ್ತಿ ಬ್ಯಾಗನ್ನು ಮಲಗಿಸಿದರು.

ಇಪ್ಪತ್ತು ಮಾರು ದೂರದಲ್ಲಿ ಕೊಡೆ ಹಿಡಿದು ಕೂತಿದ್ದ ಅತ್ತೆ ಕೂಗಿದರು. "ಅಳಿಯಂದಿರೇ, ನನ್ನ ಬ್ಯಾಗು ನೋಡಿದ್ರಾ? ಮಂಡಿ ಹಿಡ್ಕೊಂಡಿದೆ. ಫ್ಲಾಸ್ಕಲ್ಲಿ ಬಿಸಿನೀರು ತಂದಿದ್ದೀನಿ, ಬ್ಯಾಗೇ ಇಲ್ಲ."

"ಮನೇಲೇ ಮರೆತಿರಬೇಕು ಅತ್ತೆ," ಎಂದರು ಯಜಮಾನರು, ತಲೆಯನ್ನು ಬಾನೆಟ್ಟಿನಿಂದ ಹೊರಗೆ ತೆಗೆಯದೆ.

ಐಸು ಕರಗುವಷ್ಟು ಹೊತ್ತು ಕಳೆಯಿತು. ಬ್ಯಾಗನ್ನು ತೆಗೆಯಬೇಕು ಎಂದುಕೊಳ್ಳುವಾಗಲೇ ಹೆಂಡತಿ ಹೆಲ್ಮೆಟ್ ಹಿಡಿದು ಬಂದಳು. "ರೀ, ಸಾಲು ಹೊರಟಿದೆ." ಯಜಮಾನರಿಗೆ ಆ ಗಳಿಗೆಯಲ್ಲಿ ಹೊಳೆದದ್ದು ಒಂದೇ ಉಪಾಯ. ಬಾನೆಟ್ಟನ್ನು ಧಡಕ್ಕನೆ ಮುಚ್ಚಿದರು. ಬ್ಯಾಗು ಒಳಗೇ ಉಳಿಯಿತು.

ಸಾಲಿನಲ್ಲಿ ಮುಂದೆ ಹತ್ತಾರು ಕಾರುಗಳಿದ್ದವು. ಬಿಸಿಲು ಸುಡುತ್ತಿತ್ತು, ಇಂಜಿನ್ ಗುರುಗುಡುತ್ತಿತ್ತು. ಯಜಮಾನರು ಕಿಟಕಿಯ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದರು.

"ಒಂದು ನಿಮಿಷ ಬಾನೆಟ್ ತೆಗೀಲಾ? ಕಾವು ಎಷ್ಟಿದೆ ನೋಡ್ತೀನಿ."

"ಬೇಡ. ಇಲ್ಲಿ ಕೇಳಿ." ಹೆಂಡತಿ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದಳು. "ಇಲ್ಲಿ ಎರಡು ಸಲ ಓಡಿಸಿದ್ದೀನಿ. ಎರಡು ಸಲಾನೂ ನೀವು ನೋಡಿಲ್ಲ. ಒಂದ್ಸಲ ಟವೆಲ್ ಹಿಂಡ್ತಿದ್ರಿ. ಇನ್ನೊಂದ್ಸಲ ಫ್ಯಾನಿನ ವೈರು ಸುತ್ತುತ್ತಿದ್ರಿ. ಇವತ್ತಾದ್ರೂ ನನ್ನ ನೋಡಿ. ಇಂಜಿನ್ನಲ್ಲ, ನನ್ನ."

ಯಜಮಾನರು ಸುಮ್ಮನಾದರು.

"ನೋಡಿ, ಆಫ್ ಆದ್ರಿ. ಕಾದ ಇಂಜಿನ್ನನ್ನ ಗಕ್ಕನೆ ಆಫ್ ಮಾಡಬಾರದು ಅಂತ ಊರಿಗೆಲ್ಲ ಪಾಠ ಹೇಳ್ತೀರಿ. ನಾನೊಂದು ಮಾತು ಶುರು ಮಾಡಿದ್ರೆ ನೀವೇ ಗಕ್ಕನೆ ಆಫ್."

ಈ ಮಾತು ನಾಟಿತು. ದಿನಕ್ಕೆ ಎಷ್ಟೋ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಈಗ ಕಾಣಿಸುತ್ತಾ, ಈಗ ಕಾಣಿಸುತ್ತಾ ಎಂದು ಕೇಳುವ ಮನುಷ್ಯ ತಾವು. ಮನೆಯಲ್ಲಿ ತಮಗೆ ಕಾಣಿಸುತ್ತಿದೆಯೇ ಎಂದು ಯಾವತ್ತೂ ಕೇಳಿಕೊಂಡಿರಲಿಲ್ಲ. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಬ್ಯಾಗಿನ ವಿಷಯ ಹೇಳಿಬಿಡಬೇಕೆನ್ನಿಸಿತು. ಹೇಳಿದರೆ ಆಟ ಮುಗಿಯುತ್ತದೆ, ಅದು ಹೋಗಲಿ. ಈಗ ತಾನೇ ನನ್ನ ನೋಡಿ ಎಂದವಳ ಎದುರಿಗೆ ಬಾನೆಟ್ ಎತ್ತಿ ಅವಳಮ್ಮನ ಬ್ಯಾಗು ತೆಗೆಯುವುದು ಯಾವ ಮುಖ ಹೊತ್ತು? ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಸಾಲು ಕರಗಿ, ಕಾರು ಗೆರೆಯ ಮೇಲೆ ನಿಂತಿತು. ಓಟ ನಡೆಸುವವರು ಯಜಮಾನರನ್ನು ಪ್ರೇಕ್ಷಕರಿಗೆ ಕಟ್ಟಿದ್ದ ಹಗ್ಗದ ಆಚೆಗೆ ಕಳಿಸಿದರು.

ಹಗ್ಗದಾಚೆ ನಿಂತ ಮೇಲೆ ಅವರ ತಲೆ ಸರಿಯಾಗಿ ಕೆಲಸ ಮಾಡತೊಡಗಿತು. ತಿರುವಿನಲ್ಲಿ ಬ್ಯಾಗು ಜಾರಿದರೆ? ಜಾರಿ ಬೆಲ್ಟಿಗೆ ಸಿಕ್ಕಿದರೆ? ಒಡೆದರೆ? ಕಾರು ಕೆಟ್ಟರೆ ಕೆಡಲಿ, ಒಳಗೆ ಅವಳಿದ್ದಾಳೆ. ಎರಡೂ ಕೈ ಮೇಲೆತ್ತಿ, "ನಿಲ್ಸು, ನಿಲ್ಸು" ಎಂದು ಕೂಗುತ್ತ ಹಗ್ಗದುದ್ದಕ್ಕೂ ಕುಪ್ಪಳಿಸಿಕೊಂಡು ಓಡಿದರು.

ಬಾವುಟ ಇಳಿಯಿತು. ಹೆಲ್ಮೆಟ್ಟಿನೊಳಗಿನ ಕಿವಿಗೆ ಕೂಗು ಮುಟ್ಟಲಿಲ್ಲ. ಕಣ್ಣಿಗೆ ಮಾತ್ರ ಕೈಯೆತ್ತಿ ಕುಣಿಯುತ್ತಿರುವ ಗಂಡ ಕಂಡ. ಆಕೆ ಸ್ಟಿಯರಿಂಗಿನಿಂದ ಒಂದು ಕೈ ಎತ್ತಿ ಬೀಸಿ, ಹಾರಿಹೋದಳು.

ಮೊದಲ ತಿರುವಿನಲ್ಲಿ ಯಜಮಾನರು ಕಣ್ಣು ಮುಚ್ಚಿದರು. ಎರಡನೆಯ ತಿರುವಿನಲ್ಲಿ ತೆರೆದರು, ಆಮೇಲೆ ಮುಚ್ಚಲಾಗಲಿಲ್ಲ. ತರಕಾರಿ ಹೊರುವ ಆ ಕಾರು ಗೂಟಗಳ ನಡುವೆ ನೀರಿನ ಹಾಗೆ ಹರಿಯುತ್ತಿತ್ತು. ಇವಳು ಇದನ್ನೆಲ್ಲ ಯಾವಾಗ ಕಲಿತಳು? ಕೊನೆಯ ಗೆರೆ ದಾಟುವಾಗಲೂ ಅವರ ಕೈಗಳು ಮೇಲೆಯೇ ಇದ್ದವು. ಗಡಿಯಾರ ಯಜಮಾನರಿಗಿಂತ ಆರು ಸೆಕೆಂಡು ಕಡಿಮೆ ತೋರಿಸಿತು.

ಕಾರು ಮೂಲೆಗೆ ಬಂದು ನಿಂತಿತು. ಹೆಂಡತಿ ಹೆಲ್ಮೆಟ್ ತೆಗೆದಳು. ಮುಖವೆಲ್ಲ ಬೆವರು, ಕಣ್ಣಲ್ಲಿ ನೀರು.

"ನೀವು ನನಗೋಸ್ಕರ ಹಾಗೆ ಕುಣಿದದ್ದು ನಾನು ಯಾವತ್ತೂ ನೋಡೇ ಇರ್ಲಿಲ್ಲ ರೀ. ಅದಕ್ಕೇ ಇವತ್ತು ಧೈರ್ಯ ಬಂತು."

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಬ್ಯಾಗನ್ನು ಆಮೇಲೆ ಕದ್ದು ತೆಗೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಮುಖ ನೋಡಿಕೊಂಡು ಸುಮ್ಮನಿರಲು ಯಜಮಾನರ ಕೈಲಾಗಲಿಲ್ಲ. ಬಾನೆಟ್ ಎತ್ತಿದರು. ಕೆಂಪು ಬ್ಯಾಗು ಊದಿಕೊಂಡು, ಮೊಟ್ಟೆಗೆ ಕಾವು ಕೂತ ಕೋಳಿಯ ಹಾಗೆ ಇಟ್ಟಲ್ಲೇ ಕೂತಿತ್ತು.

"ಅತ್ತೇದು. ಐಸು ತುಂಬಿ ಇಟ್ಟಿದ್ದೆ. ನೀನು ಬಂದೆ ಅಂತ ಮುಚ್ಚಿಬಿಟ್ಟೆ. ನಾನು ಕುಣಿದದ್ದು ನಿನ್ನ ನಿಲ್ಲಿಸೋಕೆ."

ಹೆಂಡತಿಯ ಮುಖದ ಬೆಳಕು ಇಳಿಯುತ್ತಿತ್ತು. ಯಜಮಾನರು ಈ ಸಲ ಆಫ್ ಆಗಲಿಲ್ಲ.

"ಪೂರ್ತಿ ಕೇಳು. ಎರಡನೇ ತಿರುವಿನ ತನಕ ಕೂಗಿದ್ದು ಬ್ಯಾಗಿಗೆ. ಆಮೇಲೆ ಕೂಗಿದ್ದು ನಿನಗೆ. ಬ್ಯಾಗು ನೆನಪೇ ಇರ್ಲಿಲ್ಲ."

"ಎರಡನೇ ತಿರುವಲ್ಲಿ ಏನಿತ್ತು?"

"ಕಾರಿನ ಹಿಂಭಾಗ ಒಂಚೂರು ಜಾರ್ತು. ನೀನು ಬ್ರೇಕೂ ಮುಟ್ಟದೆ ಸರಿ ಮಾಡ್ಕೊಂಡೆ."

ಆಕೆ ಗಂಡನ ಮುಖವನ್ನೇ ನೋಡಿದಳು. "ಹಾಗಾದ್ರೆ ನೋಡಿದ್ದೀರಿ," ಎಂದಳು ಮೆಲ್ಲಗೆ.

"ಆಟ ಮುಗೀತು ತಾನೆ?"

"ಅಮ್ಮನ್ನೇ ಕೇಳಿ. ಅವಳ ಸಾಮಾನು."

ಅತ್ತೆ ಆಗಲೇ ಕುಂಟುತ್ತ ಬಂದು, ಎಲ್ಲ ಕೇಳಿಸಿಕೊಂಡು ಹಿಂದೆ ನಿಂತಿದ್ದರು. ಕೈ ಚಾಚಿ ಬ್ಯಾಗನ್ನು ತೆಗೆದುಕೊಂಡರು. ಮುಟ್ಟಿ ನೋಡಿದರು. ಕಾರಿನ ಬಾಗಿಲು ತೆಗೆದು ಸೀಟಿನಲ್ಲಿ ಕೂತು ಮಂಡಿಯ ಮೇಲಿಟ್ಟುಕೊಂಡರು. ಕಣ್ಣುಗಳು ತಾವಾಗಿ ಮುಚ್ಚಿಕೊಂಡವು.

"ಒಲೆ ಮೇಲೆ ಕಾಯಿಸಿದ ನೀರಿಗೂ ಈ ಹದ ಬರಲ್ಲ. ಮಧ್ಯಾಹ್ನ ಇನ್ನೊಂದು ಓಟ ಇದೆಯಂತಲ್ಲ?"

"ಇದೆ ಅತ್ತೆ," ಎಂದರು ಯಜಮಾನರು, ಹೋದ ಜೀವ ಬಂದಂತಾಗಿ.

"ಅಷ್ಟೊತ್ತಿಗೆ ಇದು ಆರಿಹೋಗಿರುತ್ತೆ. ಮತ್ತೆ ಅಲ್ಲೇ ಇಟ್ಟು ಬಿಸಿ ಮಾಡಿಸ್ಕೊಡಿ."

"ಧಾರಾಳವಾಗಿ ಅತ್ತೆ. ಮೊದಲು ನಾನೇ ಹೋಗಿ..."

"ನೀವು ಬೇಡ ಅಳಿಯಂದಿರೇ, ಅವಳೇ ಹೋಗ್ಲಿ," ಎಂದರು ಅತ್ತೆ ಕಣ್ಣು ತೆರೆಯದೆ. "ಬೆಳಿಗ್ಗೆ ನೀವು ಓಡಿಸಿದ್ದನ್ನೂ ನೋಡಿದೆ. ಆ ಓಟಕ್ಕೆ ಐಸು ಕೂಡ ಕರಗಲ್ಲ."